ಎರಡನೆಯ ಅಕ್ಷರ ಯಾವುದು? : ದತ್ತಸಂಚಯದ ಸಬ್‌ಸ್ಟ್ರಿಂಗ್ ಫಂಕ್ಷನ್ನಿಗೆ ಕನ್ನಡ ಪ್ರಾಸದ ಪರೀಕ್ಷೆ

1. ಪೀಠಿಕೆ

ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳ ಪಠ್ಯವನ್ನು ಗಣಕಯಂತ್ರಕ್ಕೆ ಊಡಿಸಿ, ಅದರಿಂದ ಪದಸೂಚಿ, ಪ್ರಯೋಗಸೂಚಿ, ಅಂಕಿತಸೂಚಿಗಳನ್ನು ಸಿದ್ಧಪಡಿಸುವ ಕೆಲಸ ಕನ್ನಡ ಸಂಶೋಧನೆಯ ಒಂದು ಶಾಖೆಯಾಗಿ ಬೆಳೆದಿದೆ. ಹಿಂದೆ ವಿದ್ವಾಂಸರು ಚೀಟಿಗಳಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸಿ, ವರ್ಷಗಟ್ಟಲೆ ಶ್ರಮಿಸಿ ಮಾಡುತ್ತಿದ್ದ ಎಣಿಕೆಯನ್ನು ದತ್ತಸಂಚಯ ಅಥವಾ ಡೇಟಾಬೇಸ್ ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಈ ವೇಗವೇ ಒಂದು ಅಪಾಯಕ್ಕೂ ಎಡೆಮಾಡಿದೆ. ಚೀಟಿಯಲ್ಲಿ ಬರೆಯುವವನು ಪ್ರತಿಯೊಂದು ಪದವನ್ನೂ ಕಣ್ಣಿಂದ ನೋಡುತ್ತಿದ್ದ. ಯಂತ್ರ ಕೊಟ್ಟ ಮೊತ್ತವನ್ನು ಬಳಸುವವನು ಮೊತ್ತವನ್ನು ಮಾತ್ರ ನೋಡುತ್ತಾನೆ. ಎಣಿಸಿದ ಸಾಧನ ‘ಅಕ್ಷರ’ ಎಂದರೆ ಏನೆಂದು ತಿಳಿದುಕೊಂಡಿತ್ತು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ.

ಕನ್ನಡ ಛಂದಸ್ಸಿನಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದ ರೂಪದಲ್ಲಿ ಎದುರಾಗುತ್ತದೆ. ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ವ್ಯಂಜನಸಾಮ್ಯವಿರಬೇಕೆಂಬ ಪ್ರಾಸನಿಯಮ ಕನ್ನಡ ಪದ್ಯದ ಪ್ರಧಾನ ಲಕ್ಷಣಗಳಲ್ಲಿ ಒಂದು. ವೃತ್ತ, ಕಂದ, ಷಟ್ಪದಿ, ಸಾಂಗತ್ಯಗಳು ಇದನ್ನು ಪಾಲಿಸಿವೆ, 1911ರಲ್ಲಿ ಎಂ. ಗೋವಿಂದ ಪೈಯವರು ಪ್ರಾಸತ್ಯಾಗ ಮಾಡಿದ್ದು ಸಾಹಿತ್ಯಚರಿತ್ರೆಯಲ್ಲಿ ಒಂದು ಘಟನೆಯಾಗಿ ದಾಖಲಾಗುವಷ್ಟು ಆ ನಿಯಮ ಬಲವಾಗಿತ್ತು. ಕಾವ್ಯವೊಂದರ ಪ್ರಾಸಗಳನ್ನು ವರ್ಗೀಕರಿಸಲು ಹೊರಟ ಸಂಶೋಧಕನಿಗೆ ಮೊದಲು ಬೇಕಾಗುವುದು ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರ. ದತ್ತಸಂಚಯದಲ್ಲಿ ಅದಕ್ಕೆಂದೇ ಇರುವಂತೆ ತೋರುವ ಸಾಧನ ಸಬ್‌ಸ್ಟ್ರಿಂಗ್ ಫಂಕ್ಷನ್. ಒಂದು ಪಠ್ಯದಲ್ಲಿ ಇಂಥ ಸ್ಥಾನದಿಂದ ಆರಂಭಿಸಿ ಇಷ್ಟು ಅಕ್ಷರಗಳನ್ನು ಕತ್ತರಿಸಿಕೊಡು ಎಂದು ಕೇಳಿದರೆ ಅದು ಕತ್ತರಿಸಿ ಕೊಡುತ್ತದೆ. ಅದು ಕೊಡುವುದು ಛಂದಸ್ಸಿನ ಎರಡನೆಯ ಅಕ್ಷರವೇ ಹೌದೇ ಎಂಬುದನ್ನು ಕ್ರಮವಾಗಿ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪರೀಕ್ಷೆಗೆ ಆಯ್ದ ಸಾಧನ

ಪರೀಕ್ಷೆಗೆ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯವನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಡಿ. ರಿಚರ್ಡ್ ಹಿಪ್ ಅವರು ರೂಪಿಸಿದ ಇದು 2000ದಲ್ಲಿ ಮೊದಲು ಬಿಡುಗಡೆಯಾಯಿತು. ಇದರ ಮೂಲ ಆಕರಸಂಕೇತ ಯಾರ ಹಕ್ಕಿಗೂ ಒಳಪಡದೆ ಸಾರ್ವಜನಿಕ ಸ್ವತ್ತಾಗಿದೆ. ಪ್ರತ್ಯೇಕ ಸರ್ವರ್ ಬೇಡದೆ ಒಂದೇ ಕಡತದಲ್ಲಿ ಇಡೀ ದತ್ತಸಂಚಯ ಅಡಗುತ್ತದೆ. ಸ್ವಂತ ಗಣಕಯಂತ್ರದಲ್ಲಿ ಕೆಲಸ ಮಾಡುವ ಸಾಹಿತ್ಯ ಸಂಶೋಧಕನಿಗೆ ಇದು ಅನುಕೂಲಕರ. ಇನ್ನೊಂದು ಕಾರಣವೂ ಇದೆ. ಎಸ್‌ಕ್ಯೂಲೈಟ್ ತನ್ನ ಪರೀಕ್ಷಾ ಕಡತಗಳನ್ನೂ ಪ್ರಕಟಿಸುತ್ತದೆ. ಸಬ್‌ಸ್ಟ್ರಿಂಗ್ ಫಂಕ್ಷನ್ನನ್ನು ಪರೀಕ್ಷಿಸುವುದಕ್ಕೆಂದೇ ಅದರಲ್ಲಿ ಒಂದು ಪ್ರತ್ಯೇಕ ಕಡತವಿದೆ. ಇಂಗ್ಲಿಷಿನ ಏಳು ಅಕ್ಷರಗಳ ಸಾಲೊಂದನ್ನು ತೆಗೆದುಕೊಂಡು ಆರಂಭಸ್ಥಾನ ಮತ್ತು ಅಳತೆಗಳನ್ನು ಬದಲಿಸುತ್ತ, ಪ್ರತಿಯೊಂದಕ್ಕೂ ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟು ಹೋಲಿಸುವ ಕ್ರಮ ಅಲ್ಲಿದೆ. ಒಂದಕ್ಕಿಂತ ಹೆಚ್ಚು ಬೈಟ್ ಬೇಡುವ ಚಿಹ್ನೆಗಳನ್ನೂ ಅಲ್ಲಿ ಪರೀಕ್ಷಿಸಲಾಗಿದೆ. ಆದರೆ ಆ ಚಿಹ್ನೆಗಳು ಒಂದಕ್ಕೊಂದು ಅಂಟಿಕೊಳ್ಳದ ಬಿಡಿ ಚಿಹ್ನೆಗಳು. ಗುಣಿತವೂ ಒತ್ತಕ್ಷರವೂ ಇರುವ ಲಿಪಿಯಲ್ಲಿ ಏನಾಗುತ್ತದೆ ಎಂಬುದು ಆ ಪರೀಕ್ಷೆಯ ವ್ಯಾಪ್ತಿಯಲ್ಲಿ ಬರುವುದಿಲ್ಲ. ಆ ಭಾಗವನ್ನು ಕನ್ನಡ ತಿಳಿದವರೇ ತುಂಬಬೇಕಾಗಿದೆ.

ಲೇಖನದಲ್ಲಿ ಫಂಕ್ಷನ್ನಿಗೆ ಕೇಳುವ ಪ್ರಶ್ನೆಯನ್ನು (ಪದ, ಆರಂಭ, ಅಳತೆ) ಎಂಬ ಕ್ರಮದಲ್ಲಿ ಬರೆಯಲಾಗಿದೆ. (ಕನ್ನಡ, 2, 1) ಎಂದರೆ ‘ಕನ್ನಡ’ ಎಂಬ ಪದದಲ್ಲಿ ಎರಡನೆಯ ಸ್ಥಾನದಿಂದ ಒಂದು ಘಟಕವನ್ನು ಕೊಡು ಎಂದರ್ಥ. ಎಣಿಕೆ 1ರಿಂದ ಆರಂಭವಾಗುತ್ತದೆ.

3. ಪರೀಕ್ಷೆಯ ಕ್ರಮ

ಯಾವುದೇ ಫಂಕ್ಷನ್ನನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ. ಮೊದಲನೆಯದು, ತಾನು ಮಾಡುತ್ತೇನೆಂದು ಹೇಳಿದ್ದನ್ನು ಅದು ಸರಿಯಾಗಿ ಮಾಡುತ್ತದೆಯೇ? ಎರಡನೆಯದು, ಅದು ಮಾಡುವುದು ಬಳಸುವವನಿಗೆ ಬೇಕಾದದ್ದೇ? ಮೊದಲ ಪ್ರಶ್ನೆಗೆ ಉತ್ತರ ಫಂಕ್ಷನ್ನಿನ ವಿವರಣೆಯಲ್ಲಿದೆ. ಎರಡನೆಯದಕ್ಕೆ ಉತ್ತರ ಕನ್ನಡ ವ್ಯಾಕರಣ ಮತ್ತು ಛಂದಸ್ಸುಗಳಲ್ಲಿದೆ. ಹಾಗಾಗಿ ಪ್ರತಿಯೊಂದು ಪರೀಕ್ಷೆಗೂ ನಿರೀಕ್ಷಿತ ಉತ್ತರವನ್ನು ಯಂತ್ರವನ್ನು ಕೇಳುವುದಕ್ಕೆ ಮೊದಲೇ ಬರೆದಿಡಬೇಕು. ಯಂತ್ರದ ಉತ್ತರ ಬಂದ ಮೇಲೆ ಅದನ್ನು ಸಮರ್ಥಿಸುವ ಕಾರಣ ಹುಡುಕುವುದು ಪರೀಕ್ಷೆಯೆನಿಸುವುದಿಲ್ಲ.

ಪರೀಕ್ಷಾಪದಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ‘ಕವನ’, ‘ಪದ’, ‘ಜನ’ ಎಂಬಂಥ ಪದಗಳಿಂದ ಪರೀಕ್ಷಿಸಿದರೆ ಫಂಕ್ಷನ್ ಎಲ್ಲೆಡೆ ಸರಿಯಾಗಿಯೇ ಕಾಣುತ್ತದೆ. ಅವುಗಳಲ್ಲಿ ಗುಣಿತಚಿಹ್ನೆಯಾಗಲಿ ಒತ್ತಾಗಲಿ ಇಲ್ಲ. ಸಾಧನ ಎಲ್ಲಿ ಸೋಲಬಹುದೋ ಅಲ್ಲಿಯ ಪದಗಳನ್ನೇ ಆಯ್ದುಕೊಳ್ಳುವುದು ಪರೀಕ್ಷಕನ ಕೆಲಸ. ಸ್ವರದಿಂದ ಆರಂಭವಾಗುವ ಪದ, ದೀರ್ಘಾಕ್ಷರವಿರುವ ಪದ, ಅನುಸ್ವಾರ ವಿಸರ್ಗಗಳಿರುವ ಪದ, ಸಜಾತೀಯ ಮತ್ತು ವಿಜಾತೀಯ ಒತ್ತುಗಳಿರುವ ಪದ, ಮೂರು ವ್ಯಂಜನಗಳು ಕೂಡಿದ ಪದ, ಅರೆವ್ಯಂಜನಾಂತ್ಯವಾದ ಪದ, ಱ ಮತ್ತು ೞ ಇರುವ ಪದ - ಇವೆಲ್ಲವೂ ಪಟ್ಟಿಯಲ್ಲಿರಬೇಕು.

4. ಫಂಕ್ಷನ್ ತನ್ನ ಮಾತು ಉಳಿಸಿಕೊಳ್ಳುತ್ತದೆಯೇ?

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಯೂನಿಕೋಡ್ ವ್ಯವಸ್ಥೆಯಲ್ಲಿ ಈ ಪದ ಐದು ಸಂಕೇತಬಿಂದುಗಳಾಗಿ ಸಂಗ್ರಹವಾಗುತ್ತದೆ: ಕ, ನ, ಹಲಂತಚಿಹ್ನೆ, ನ, ಡ. ಉದ್ದವನ್ನು ಕೇಳಿದರೆ ಎಸ್‌ಕ್ಯೂಲೈಟ್ 5 ಎಂದು ಹೇಳುತ್ತದೆ. (ಕನ್ನಡ, 1, 1) ಕೇಳಿದರೆ ‘ಕ’ ಬರುತ್ತದೆ. (ಕನ್ನಡ, 2, 3) ಕೇಳಿದರೆ ‘ನ್ನ’ ಬರುತ್ತದೆ. ಆರಂಭಸ್ಥಾನ ಋಣಸಂಖ್ಯೆಯಾದರೆ ಎಣಿಕೆ ಕೊನೆಯಿಂದ ನಡೆಯುತ್ತದೆ. (ಕನ್ನಡ, -1, 1) ಎಂದರೆ ‘ಡ’. ಅಳತೆ ಋಣಸಂಖ್ಯೆಯಾದರೆ ಸೂಚಿಸಿದ ಸ್ಥಾನಕ್ಕಿಂತ ಹಿಂದಿನ ಘಟಕಗಳು ಬರುತ್ತವೆ. (ಕನ್ನಡ, 4, -2) ಎಂದರೆ ‘ನ್’. ಪದದ ಉದ್ದವನ್ನು ಮೀರಿದ ಸ್ಥಾನ ಕೇಳಿದರೆ ಖಾಲಿ ಉತ್ತರ ಬರುತ್ತದೆ. ಮೌಲ್ಯವೇ ಇಲ್ಲದ ಅಂಕಣದ ಮೇಲೆ ಪ್ರಯೋಗಿಸಿದರೆ ಉತ್ತರದಲ್ಲಿಯೂ ಮೌಲ್ಯವಿರುವುದಿಲ್ಲ.

ಗಡಿಯ ಪ್ರಕರಣಗಳಲ್ಲಿ ಬೇರೆಬೇರೆ ದತ್ತಸಂಚಯಗಳು ಬೇರೆಬೇರೆ ದಾರಿ ಹಿಡಿದಿವೆ. (ಕನ್ನಡ, 0, 2) ಎಂದು ಕೇಳಿದರೆ ಎಸ್‌ಕ್ಯೂಲೈಟ್ ‘ಕ’ ಎಂಬ ಒಂದೇ ಘಟಕವನ್ನು ಕೊಡುತ್ತದೆ. ಸೊನ್ನೆಯ ಸ್ಥಾನವನ್ನು ಅದು ಒಂದು ಖಾಲಿ ಮನೆಯೆಂದು ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೂಡ ‘ಕ’ ಎನ್ನುತ್ತದೆ. ಮೈಎಸ್‌ಕ್ಯೂಎಲ್ ಖಾಲಿ ಉತ್ತರ ಕೊಡುತ್ತದೆ. (ಕನ್ನಡ, -1, 1) ಎಂದರೆ ಎಸ್‌ಕ್ಯೂಲೈಟ್ ಮತ್ತು ಮೈಎಸ್‌ಕ್ಯೂಎಲ್‌ಗಳಲ್ಲಿ ‘ಡ’. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕೊನೆಯಿಂದ ಎಣಿಸುವ ಪದ್ಧತಿ ಈ ಫಂಕ್ಷನ್ನಿಗೆ ಇಲ್ಲವಾದುದರಿಂದ ಖಾಲಿ. ಉದ್ದವನ್ನು ಕೇಳುವ ಫಂಕ್ಷನ್ನಿನಲ್ಲಿಯೂ ಹೀಗೆಯೇ. ಒಂದೇ ‘ಕನ್ನಡ’ ಪದಕ್ಕೆ ಎಸ್‌ಕ್ಯೂಲೈಟ್ ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್ 5 ಎಂದರೆ, ಮೈಎಸ್‌ಕ್ಯೂಎಲ್‌ನ ಅದೇ ಹೆಸರಿನ ಫಂಕ್ಷನ್ 15 ಎನ್ನುತ್ತದೆ. ಅದು ಬೈಟ್‌ಗಳನ್ನು ಎಣಿಸುತ್ತದೆ. ಸಂಕೇತಬಿಂದುಗಳನ್ನು ಎಣಿಸುವ ಫಂಕ್ಷನ್ ಅಲ್ಲಿ ಪ್ರತ್ಯೇಕವಾಗಿದೆ. ಒಂದು ವಿಭಾಗದಲ್ಲಿ ಸಿದ್ಧವಾದ ಪ್ರಶ್ನಾವಳಿಯನ್ನು ಇನ್ನೊಂದು ವಿಭಾಗದವರು ಬೇರೆ ದತ್ತಸಂಚಯಕ್ಕೆ ಒಯ್ದಾಗ ಈ ವ್ಯತ್ಯಾಸಗಳು ಸದ್ದಿಲ್ಲದೆ ಫಲಿತಾಂಶವನ್ನು ಬದಲಿಸಬಲ್ಲವು.

ಇನ್ನೊಂದು ಪರೀಕ್ಷೆ ಎಲ್ಲ ಪದಗಳಿಗೂ ಅನ್ವಯಿಸುತ್ತದೆ. ಪದವೊಂದನ್ನು ಯಾವ ಸ್ಥಾನದಲ್ಲಿ ಕತ್ತರಿಸಿದರೂ, ಎರಡು ತುಂಡುಗಳನ್ನು ಮತ್ತೆ ಕೂಡಿಸಿದಾಗ ಮೂಲಪದವೇ ಬರಬೇಕು. ‘ಸ್ತ್ರೀ’ ಎಂಬ ಪದವನ್ನು ಅದರ ಐದು ಒಳಸ್ಥಾನಗಳಲ್ಲಿಯೂ ಕತ್ತರಿಸಿ ಕೂಡಿಸಿದರೆ ಪ್ರತಿ ಬಾರಿಯೂ ‘ಸ್ತ್ರೀ’ಯೇ ಬರುತ್ತದೆ. ಅಂದರೆ ಫಂಕ್ಷನ್ ಏನನ್ನೂ ಕಳೆಯುವುದಿಲ್ಲ, ಸೇರಿಸುವುದೂ ಇಲ್ಲ. ಮೊದಲ ಪ್ರಶ್ನೆಗೆ ಉತ್ತರ ಹೀಗೆ ಸಮಾಧಾನಕರವಾಗಿದೆ: ಸಂಕೇತಬಿಂದುಗಳನ್ನು ಎಣಿಸಿ ಕತ್ತರಿಸುವ ತನ್ನ ಕೆಲಸವನ್ನು ಅದು ನಿರ್ದುಷ್ಟವಾಗಿ ಮಾಡುತ್ತದೆ. ತೊಡಕಿರುವುದು ಎರಡನೆಯ ಪ್ರಶ್ನೆಯಲ್ಲಿ.

5. ಬೈಟ್, ಸಂಕೇತಬಿಂದು, ವರ್ಣ, ಅಕ್ಷರ

‘ಅಕ್ಷರ’ ಎಂಬ ಒಂದೇ ಮಾತು ನಾಲ್ಕು ಬೇರೆಬೇರೆ ಅಳತೆಗಳಿಗೆ ಬಳಕೆಯಾಗುತ್ತಿರುವುದೇ ಈ ತೊಡಕಿನ ಮೂಲ.

ಬೈಟ್ ಎನ್ನುವುದು ಸಂಗ್ರಹದ ಅಳತೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಬಿಂದುವಿಗೂ ಮೂರು ಬೈಟ್ ಬೇಕು. ಪಠ್ಯವನ್ನು ಪಠ್ಯವೆಂದು ಹೇಳದೆ ಬ್ಲಾಬ್ ಎಂಬ ಕಚ್ಚಾರೂಪದಲ್ಲಿ ಇಟ್ಟರೆ ಎಸ್‌ಕ್ಯೂಲೈಟ್‌ನ ಇದೇ ಫಂಕ್ಷನ್ ಬೈಟ್‌ಗಳನ್ನು ಎಣಿಸಿ ಕತ್ತರಿಸುತ್ತದೆ. ಆಗ (ಕನ್ನಡ, 1, 1) ಎಂದರೆ ‘ಕ’ದ ಮೂರನೆಯ ಒಂದು ಭಾಗ, ಅದು ಯಾವ ಲಿಪಿಯಲ್ಲಿಯೂ ಅಕ್ಷರವಲ್ಲ.

ಸಂಕೇತಬಿಂದು ಎನ್ನುವುದು ಯೂನಿಕೋಡ್ ವ್ಯವಸ್ಥೆಯ ಅಳತೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ರೂಪುಗೊಂಡ ಇಸ್ಕಿ ಸಂಕೇತವಿನ್ಯಾಸವೇ ಇದಕ್ಕೆ ಆಧಾರ. ಇದರಲ್ಲಿ ಅಕಾರ ಸಹಿತವಾದ ವ್ಯಂಜನಕ್ಕೆ ಒಂದು ಸ್ಥಾನ, ಗುಣಿತಚಿಹ್ನೆಗೆ ಒಂದು ಸ್ಥಾನ, ಅಕಾರವನ್ನು ಕಳೆಯುವ ಹಲಂತಚಿಹ್ನೆಗೆ ಒಂದು ಸ್ಥಾನ. ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ.

ವರ್ಣ ಎನ್ನುವುದು ವ್ಯಾಕರಣದ ಅಳತೆ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೆ 47 ಶುದ್ಧಗೆಗಳನ್ನು ಹೇಳುವಾಗ ಎಣಿಸುತ್ತಿರುವುದು ಧ್ವನಿಗಳನ್ನು. ವ್ಯಾಕರಣದ ದೃಷ್ಟಿಯಲ್ಲಿ ‘ಕ್’ ಒಂದು ವರ್ಣ. ‘ಕ’ ಎಂದರೆ ಕ್ ಮತ್ತು ಅ ಎಂಬ ಎರಡು ವರ್ಣ. ಯೂನಿಕೋಡ್‌ನಲ್ಲಿ ಇದು ತಿರುವುಮುರುವಾಗಿದೆ: ‘ಕ’ ಒಂದು ಸಂಕೇತಬಿಂದು, ‘ಕ್’ ಎರಡು. ವ್ಯಾಕರಣ ಕೂಡಿಸುವಲ್ಲಿ ಯಂತ್ರ ಕಳೆಯುತ್ತದೆ. ಆದ್ದರಿಂದ ಸಂಕೇತಬಿಂದುವನ್ನು ವರ್ಣವೆಂದು ತಿಳಿಯುವುದಕ್ಕೂ ಆಧಾರವಿಲ್ಲ.

ನಾಲ್ಕನೆಯದು ಛಂದಸ್ಸಿನ ಅಕ್ಷರ. ಒಂದು ಸ್ವರ, ಅದರ ಹಿಂದಿನ ಒಂದು ಅಥವಾ ಹಲವು ವ್ಯಂಜನಗಳು, ಮುಂದಿನ ಅನುಸ್ವಾರ ವಿಸರ್ಗ - ಇಷ್ಟೂ ಸೇರಿ ಒಂದು ಅಕ್ಷರ. ‘ಸ್ತ್ರೀ’ ಛಂದಸ್ಸಿನಲ್ಲಿ ಒಂದು ಅಕ್ಷರ. ವ್ಯಾಕರಣದಲ್ಲಿ ನಾಲ್ಕು ವರ್ಣ. ಯೂನಿಕೋಡ್‌ನಲ್ಲಿ ಆರು ಸಂಕೇತಬಿಂದು. ಸಂಗ್ರಹದಲ್ಲಿ 18 ಬೈಟ್. ‘ಕನ್ನಡ’ದಲ್ಲಿ ಈ ಸಂಖ್ಯೆಗಳು ಕ್ರಮವಾಗಿ 3, 7, 5, 15. ಯಾವ ಎರಡು ಅಳತೆಗಳೂ ಹೊಂದುವುದಿಲ್ಲ. ಒಂದರಿಂದ ಇನ್ನೊಂದನ್ನು ಪಡೆಯುವ ಸ್ಥಿರವಾದ ಗುಣಕವೂ ಇಲ್ಲ. ಬೈಟ್ ಮತ್ತು ಸಂಕೇತಬಿಂದುಗಳ ನಡುವೆ ಮಾತ್ರ, ಅದೂ ಅಚ್ಚಗನ್ನಡ ಲಿಪಿಯ ಪಠ್ಯದಲ್ಲಿ, ಮೂರಕ್ಕೆ ಒಂದು ಎಂಬ ಸಂಬಂಧ ನಿಲ್ಲುತ್ತದೆ.

6. ಷಟ್‌ಪ್ರಾಸಗಳ ಪರೀಕ್ಷೆ

10ನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಒಂದನೆಯ ನಾಗವರ್ಮನ ಛಂದೋಂಬುಧಿಯಲ್ಲಿ ಆರು ಬಗೆಯ ಪ್ರಾಸಗಳನ್ನು ಹೇಳಿದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಪ್ರಾಸಾಕ್ಷರವೇ ವಿಜಾತೀಯ ಸಂಯುಕ್ತವಾಗಿದ್ದರೆ ಶರಭ, ಸಜಾತೀಯ ದ್ವಿತ್ವವಾಗಿದ್ದರೆ ಹಯ. ಸಾವಿರ ವರ್ಷ ಹಳೆಯದಾದ ಈ ವಿಂಗಡಣೆ ಇಂದಿನ ಫಂಕ್ಷನ್ನಿಗೆ ಒಂದು ಸಿದ್ಧವಾದ ಪರೀಕ್ಷಾಪತ್ರಿಕೆಯಂತಿದೆ. ಗುಣಿತ, ಅನುಸ್ವಾರ, ವಿಸರ್ಗ, ಒತ್ತು - ಯಂತ್ರ ಎಡವಬಹುದಾದ ಸ್ಥಾನಗಳೆಲ್ಲ ಅದರಲ್ಲಿ ಒಂದೊಂದಾಗಿ ಬಂದಿವೆ. ಪ್ರತಿಯೊಂದು ಬಗೆಗೂ ಒಂದು ಪದವನ್ನು ಆಯ್ದು, ಅದರ ಎರಡನೆಯ ಘಟಕವನ್ನು ಕೇಳಿದಾಗ ದೊರೆಯುವ ಫಲಿತಾಂಶ ಹೀಗಿದೆ:

(ಅ) ಸಿಂಹಪ್ರಾಸ - ಪದ: ಕವಿ. ನಿರೀಕ್ಷೆ: ವಕಾರ. (ಕವಿ, 2, 1) ಕೊಟ್ಟದ್ದು: ವ. ಸರಿ.

(ಆ) ಗಜಪ್ರಾಸ - ಪದ: ಕಾಲ. ನಿರೀಕ್ಷೆ: ಲಕಾರ. (ಕಾಲ, 2, 1) ಕೊಟ್ಟದ್ದು: ಆಕಾರದ ಇಳಿ ಮಾತ್ರ. ತಪ್ಪು.

(ಇ) ವೃಷಭಪ್ರಾಸ - ಪದ: ಕಂದ. ನಿರೀಕ್ಷೆ: ದಕಾರ. (ಕಂದ, 2, 1) ಕೊಟ್ಟದ್ದು: ಅನುಸ್ವಾರ ಮಾತ್ರ. ತಪ್ಪು.

(ಈ) ಅಜಪ್ರಾಸ - ಪದ: ದುಃಖ. ನಿರೀಕ್ಷೆ: ಖಕಾರ. (ದುಃಖ, 2, 1) ಕೊಟ್ಟದ್ದು: ಕೊಂಬು ಮಾತ್ರ. ತಪ್ಪು.

(ಉ) ಶರಭಪ್ರಾಸ - ಪದ: ಅಕ್ಷರ. ನಿರೀಕ್ಷೆ: ಕ್ಷ. (ಅಕ್ಷರ, 2, 1) ಕೊಟ್ಟದ್ದು: ಕ. ತಪ್ಪು.

(ಊ) ಹಯಪ್ರಾಸ - ಪದ: ಅಕ್ಕರ. ನಿರೀಕ್ಷೆ: ಕ್ಕ. (ಅಕ್ಕರ, 2, 1) ಕೊಟ್ಟದ್ದು: ಕ. ತಪ್ಪು.

ಆರರಲ್ಲಿ ಒಂದು ಮಾತ್ರ ಸರಿಯಾಗಿದೆ. ಆ ಒಂದೂ ಪೂರ್ಣವಾಗಿ ಸರಿಯಲ್ಲ. ‘ಕವಿ’ಯ ಬದಲು ‘ಕಿವಿ’ ಎಂಬ ಪದವನ್ನು ಇಟ್ಟರೆ, ಅದೂ ಸಿಂಹಪ್ರಾಸವೇ ಆದರೂ, ದೊರೆಯುವುದು ಗುಡಿಸು ಮಾತ್ರ. ಮೊದಲ ಅಕ್ಷರ ಅಕಾರಾಂತ ವ್ಯಂಜನವೋ ಬಿಡಿ ಹ್ರಸ್ವಸ್ವರವೋ ಆಗಿದ್ದು, ಎರಡನೆಯದು ಒತ್ತಿಲ್ಲದ ವ್ಯಂಜನವಾಗಿದ್ದಾಗ ಮಾತ್ರ ಉತ್ತರ ಸರಿಬರುತ್ತದೆ.

ಇಲ್ಲಿ ತಪ್ಪುಗಳಲ್ಲಿ ಎರಡು ಜಾತಿಗಳಿರುವುದನ್ನು ಗುರುತಿಸಬೇಕು. ಗಜ, ವೃಷಭ, ಅಜಗಳಲ್ಲಿ ಬಂದ ಉತ್ತರ ಒಂಟಿ ಚಿಹ್ನೆ. ಪರದೆಯ ಮೇಲೆ ಅದು ಚುಕ್ಕಿಗಳ ವೃತ್ತಕ್ಕೆ ಅಂಟಿದ ಇಳಿಯಂತೆಯೋ ಸೊನ್ನೆಯಂತೆಯೋ ಕಾಣಿಸಿ, ಏನೋ ತಪ್ಪಾಗಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಶರಭ ಮತ್ತು ಹಯಗಳಲ್ಲಿ ಹಾಗಲ್ಲ. ‘ಕ’ ಎಂಬ ಪೂರ್ಣಾಕ್ಷರವೇ ಉತ್ತರವಾಗಿ ಬರುತ್ತದೆ. ‘ಅಕ್ಷರ’, ‘ಅಕ್ಕರ’, ‘ಅಕಾರ’ ಈ ಮೂರೂ ಪದಗಳಿಗೆ ಒಂದೇ ಉತ್ತರ. ಅಂದರೆ ಶರಭಪ್ರಾಸವೂ ಹಯಪ್ರಾಸವೂ ಸದ್ದಿಲ್ಲದೆ ಸಿಂಹಪ್ರಾಸದ ಲೆಕ್ಕಕ್ಕೆ ಸೇರಿಹೋಗುತ್ತವೆ. ಇಂಥ ಎಣಿಕೆಯನ್ನು ನಂಬಿದ ಸಂಶೋಧಕ ‘ಈ ಕವಿಗೆ ಸಿಂಹಪ್ರಾಸದ ಮೇಲೆ ಒಲವು ಹೆಚ್ಚು’ ಎಂಬ ನಿರ್ಣಯಕ್ಕೆ ಬರಬಹುದು. ಆ ಒಲವು ಕವಿಯದಲ್ಲ, ಸಾಧನದ್ದು. ಒಂದು ಕಾವ್ಯದ ಶೈಲಿಯ ಬಗೆಗೆ, ಮುಂದೆ ಅದರ ಕರ್ತೃತ್ವದ ಬಗೆಗೂ, ಇಂಥ ಅಂಕಿಗಳ ಮೇಲೆ ವಾದ ಕಟ್ಟಿದರೆ ತಳಹದಿಯೇ ಇಲ್ಲದ ಮನೆ ಎದ್ದಂತಾಗುತ್ತದೆ.

ಪ್ರಾಸಸ್ಥಾನಕ್ಕೆ ಗ್ರಂಥಸಂಪಾದನೆಯಲ್ಲಿಯೂ ಸಾಕ್ಷ್ಯದ ಬೆಲೆಯಿದೆ. ಹಸ್ತಪ್ರತಿಗಳಲ್ಲಿ ರ ಮತ್ತು ಱ, ಳ ಮತ್ತು ೞ ಬೆರೆತುಹೋಗಿರುವಾಗ, ಪ್ರಾಸಸ್ಥಾನದ ಪದವೇ ಮೂಲ ರೂಪ ಯಾವುದೆಂದು ಹೇಳುತ್ತದೆ. ಈ ಸಾಕ್ಷ್ಯವನ್ನು ದತ್ತಸಂಚಯದಿಂದ ಹೆಕ್ಕಬೇಕಾದರೆ ಎರಡನೆಯ ಅಕ್ಷರ ತಪ್ಪದೆ ಸಿಗಬೇಕು.

ಪದದ ಕೊನೆಯಲ್ಲಿಯೂ ಇದೇ ಬಗೆಯ ತೊಡಕಿದೆ. ವಚನಗಳ ಅಂತ್ಯವನ್ನು ಕತ್ತರಿಸಿ ಅಂಕಿತವನ್ನು ಗುರುತಿಸುವ ಪ್ರಯತ್ನವನ್ನು ಉದಾಹರಣೆಯಾಗಿ ನೋಡಬಹುದು. ‘ಕೂಡಲಸಂಗಮದೇವ’ ಎಂಬ ಅಂಕಿತದಲ್ಲಿ ಎಂಟು ಅಕ್ಷರ, 11 ಸಂಕೇತಬಿಂದು. ಕೊನೆಯಿಂದ 8 ಘಟಕ ಕೇಳಿದರೆ ಅಂಕಿತದ ತಲೆ ಹಾರಿಹೋಗುತ್ತದೆ. 11 ಕೇಳಿದರೆ ಈ ರೂಪ ಸಿಗುತ್ತದೆ. ಆದರೆ ವಚನದ ಕೊನೆಯಲ್ಲಿ ‘ಕೂಡಲಸಂಗಮದೇವಾ’ ಎಂಬ ಸಂಬೋಧನಾರೂಪವಿದ್ದರೆ ಒಂದು ಇಳಿ ಹೆಚ್ಚಾಗುತ್ತದೆ. ತುಂಡಿನ ಆರಂಭದಲ್ಲಿ ‘ಕ’ ಬಿಟ್ಟುಹೋಗಿ ಕೊಂಬಿನ ಇಳಿಯಿಂದ ಉತ್ತರ ಶುರುವಾಗುತ್ತದೆ. ಹೋಲಿಕೆ ತಪ್ಪಿ ಆ ವಚನ ಬಸವಣ್ಣನವರ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಸಾಲಿನ ಕೊನೆಯ ಪೂರ್ಣವಿರಾಮವೊಂದು ಉಳಿದರೂ ಇದೇ ಗತಿ.

7. ಕಣ್ಣಿಗೆ ಕಾಣದ ವ್ಯತ್ಯಾಸಗಳು

ಫಂಕ್ಷನ್ನನ್ನು ತಿದ್ದಿದರೂ ಪಠ್ಯವೇ ಅಶುದ್ಧವಾಗಿದ್ದರೆ ಪ್ರಯೋಜನವಿಲ್ಲ. ಪರೀಕ್ಷೆಯಲ್ಲಿ ಬೆಳಕಿಗೆ ಬರುವ ನಾಲ್ಕು ಅಶುದ್ಧಿಗಳನ್ನು ಇಲ್ಲಿ ಸೂಚಿಸಬಹುದು.

ಮೊದಲನೆಯದು, ಒಂದೇ ಅಕ್ಷರಕ್ಕೆ ಎರಡು ಸಂಗ್ರಹರೂಪಗಳು. ‘ಕೋ’ ಎಂಬುದನ್ನು ಕ ಮತ್ತು ದೀರ್ಘ ಓತ್ವದ ಒಂದೇ ಚಿಹ್ನೆಯಿಂದ ಎರಡು ಸಂಕೇತಬಿಂದುಗಳಾಗಿ ಬರೆಯಬಹುದು. ಕ, ಏತ್ವ, ಕೊಂಬಿನ ಇಳಿ, ದೀರ್ಘಚಿಹ್ನೆ ಎಂದು ನಾಲ್ಕಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎಸ್‌ಕ್ಯೂಲೈಟ್ ಒಂದರ ಉದ್ದ 2, ಇನ್ನೊಂದರದು 4 ಎನ್ನುತ್ತದೆ. ಎರಡೂ ಸಮವೇ ಎಂದು ಕೇಳಿದರೆ ಅಲ್ಲವೆನ್ನುತ್ತದೆ. ಯೂನಿಕೋಡ್ ನಿಗದಿಪಡಿಸಿರುವ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಪಠ್ಯವನ್ನು ಪರಿವರ್ತಿಸಿದ ಮೇಲೆಯೇ ದತ್ತಸಂಚಯಕ್ಕೆ ಸೇರಿಸುವುದು ಇದಕ್ಕೆ ಪರಿಹಾರ.

ಎರಡನೆಯದು, ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯ ಅಂಕಿ. ‘ಕಂದ’ ಮತ್ತು ‘ಕ೦ದ’ ನೋಟಕ್ಕೆ ಒಂದೇ ಆದರೂ ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯಾದ ಸೊನ್ನೆ. ವೃಷಭಪ್ರಾಸವನ್ನು ಹುಡುಕುವ ಪ್ರಶ್ನೆಗೆ ಇಂಥ ಪದ ಸಿಗುವುದಿಲ್ಲ.

ಮೂರನೆಯದು, ಅಗೋಚರ ಜೋಡಕಗಳು. ಈ ಲೇಖನದಲ್ಲಿ ಪದೇಪದೇ ಬಂದಿರುವ ‘ಸಬ್‌ಸ್ಟ್ರಿಂಗ್’ ಎಂಬ ಪದದಲ್ಲಿಯೇ ‘ಬ್’ ಆದ ಮೇಲೆ ಒತ್ತು ಮೂಡದಂತೆ ತಡೆಯುವ ಒಂದು ಅಗೋಚರ ಚಿಹ್ನೆಯಿದೆ. ಅದನ್ನು ಸೇರಿಸಿ ಎಣಿಸಿದರೆ 13 ಸಂಕೇತಬಿಂದು, ಬಿಟ್ಟರೆ 12. ಅರ್ಕಾವೊತ್ತಿನ ಬದಲು ರಕಾರವನ್ನು ಪೂರ್ಣವಾಗಿ ತೋರಿಸಲು ಬಳಸುವ ಜೋಡಕವೂ ಹೀಗೆಯೇ ಎಣಿಕೆಗೆ ಬರುತ್ತದೆ.

ನಾಲ್ಕನೆಯದು, ಹಳೆಯ ಆಸ್ಕಿ ಫಾಂಟುಗಳ ಕಡತಗಳು. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೆರಳಚ್ಚಾದ ಪಠ್ಯಗಳಲ್ಲಿ ಸಂಗ್ರಹವಾಗಿರುವುದು ಅಕ್ಷರವಲ್ಲ, ಅಕ್ಷರದ ಆಕಾರದ ತುಣುಕುಗಳು. ಅಲ್ಲಿ ‘ಸೂರ್ಯ’ದ ರೇಫ ಉಚ್ಚಾರಣೆಯಂತೆ ಯಕಾರಕ್ಕೆ ಮೊದಲು ಬಾರದೆ ಬರವಣಿಗೆಯಂತೆ ಅದರ ನಂತರ ಬರುತ್ತದೆ. ಪರಿವರ್ತನೆಯಾಗದ ಇಂಥ ಕಡತದ ಮೇಲೆ ಪ್ರಾಸದ ಪ್ರಶ್ನೆ ಕೇಳುವುದು ವ್ಯರ್ಥ.

8. ಪರಿಹಾರದ ದಾರಿ ಮತ್ತು ಅದರ ಮಿತಿ

ಸಂಕೇತಬಿಂದುಗಳ ಸಾಲಿನಲ್ಲಿ ಅಕ್ಷರದ ಗಡಿಯನ್ನು ಗುರುತಿಸಲು ಒಂದು ಸರಳ ನಿಯಮ ಸಾಕಾಗುತ್ತದೆ: ವ್ಯಂಜನ ಅಥವಾ ಬಿಡಿ ಸ್ವರ ಬಂದಾಗ, ಅದರ ಹಿಂದಿನದು ಹಲಂತಚಿಹ್ನೆಯಾಗಿರದಿದ್ದರೆ, ಅಲ್ಲಿಂದ ಹೊಸ ಅಕ್ಷರ ಆರಂಭ. ಗುಣಿತಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತಚಿಹ್ನೆಗಳು ಹಿಂದಿನ ಅಕ್ಷರಕ್ಕೇ ಸೇರುತ್ತವೆ. ಅಗೋಚರ ಜೋಡಕಗಳನ್ನು ಲೆಕ್ಕಿಸಬಾರದು. ಈ ನಿಯಮದಂತೆ ‘ಕಾಲ’ ಕಾ-ಲ ಎಂದೂ, ‘ದುಃಖ’ ದುಃ-ಖ ಎಂದೂ, ‘ಅಕ್ಷರ’ ಅ-ಕ್ಷ-ರ ಎಂದೂ ಬಿಡುತ್ತವೆ. ಆರು ಪ್ರಾಸಗಳ ಪರೀಕ್ಷೆಯಲ್ಲಿ ಆರೂ ಪದಗಳ ಎರಡನೆಯ ಅಕ್ಷರ ನಿರೀಕ್ಷೆಯಂತೆ ದೊರೆಯುತ್ತದೆ. ಮೊದಲ ಅಕ್ಷರದ ಸ್ವರವನ್ನು, ಎರಡನೆಯ ಅಕ್ಷರದ ವ್ಯಂಜನಗಳನ್ನು ನೋಡಿದರೆ ಪ್ರಾಸದ ಬಗೆಯೂ ತಿಳಿಯುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಬಳಕೆದಾರ ತನ್ನದೇ ಫಂಕ್ಷನ್ನನ್ನು ಬರೆದು ಸೇರಿಸಲು ಅವಕಾಶವಿರುವುದರಿಂದ ಈ ನಿಯಮವನ್ನು ಅಳವಡಿಸುವುದು ಕಷ್ಟವಲ್ಲ.

ಈ ನಿಯಮವನ್ನು ಬರೆಯುವಲ್ಲಿಯೂ ಒಂದು ಹೊಂಡವಿದೆ. ಯೂನಿಕೋಡ್ ವಿಭಾಗದಲ್ಲಿ ಕಕಾರದಿಂದ ಹಕಾರದವರೆಗಿನ ವ್ಯಂಜನಗಳು ಒಟ್ಟಾಗಿವೆ. ಱ ಅವುಗಳ ನಡುವೆಯೇ ಇದೆ. ೞ ಮಾತ್ರ ಅಲ್ಲಿಲ್ಲ. ಅದು ಗುಣಿತಚಿಹ್ನೆಗಳ ಆಚೆ ಬೇರೆ ಸ್ಥಾನದಲ್ಲಿದೆ. ಅದರ ಅಧಿಕೃತ ಇಂಗ್ಲಿಷ್ ಹೆಸರೂ ತಪ್ಪಾಗಿ ‘ಫಕಾರ’ವೆಂಬ ಅರ್ಥದಲ್ಲಿ ದಾಖಲಾಗಿದೆ. ‘ಕಕಾರದಿಂದ ಹಕಾರದವರೆಗೆ ವ್ಯಂಜನ’ ಎಂದು ಬರೆದ ನಿಯಮಕ್ಕೆ ೞ ವ್ಯಂಜನವೆಂದೇ ತಿಳಿಯುವುದಿಲ್ಲ. ಆಗ ‘ಏೞು’ ಎಂಬ ಎರಡಕ್ಷರದ ಪದ ಒಂದೇ ಅಕ್ಷರವಾಗಿ ಬರುತ್ತದೆ. ಆಧುನಿಕ ಪಠ್ಯದಿಂದ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಎಂದೂ ಕಾಣಿಸದು. ಹಳಗನ್ನಡದ ಒಂದು ಪದ ಅದನ್ನು ಹೊರಗೆಳೆಯುತ್ತದೆ.

ಯೂನಿಕೋಡ್ ಸಂಸ್ಥೆಯೇ ಒಂದು ಲಿಪಿಘಟಕ ನಿಯಮವನ್ನು ಕೊಟ್ಟಿದೆಯಲ್ಲವೇ ಎಂದು ಕೇಳಬಹುದು. ಗುಣಿತಚಿಹ್ನೆಗಳನ್ನು ಅದು ಸರಿಯಾಗಿಯೇ ಹಿಂದಿನ ವ್ಯಂಜನಕ್ಕೆ ಸೇರಿಸುತ್ತದೆ. ಒತ್ತಕ್ಷರಗಳ ವಿಷಯದಲ್ಲಿ ಮಾತ್ರ ಹಲಂತಚಿಹ್ನೆಯ ನಂತರ ಗಡಿಯೆಳೆದು ‘ಕನ್ನಡ’ವನ್ನು ಕ-ನ್-ನ-ಡ ಎಂದು ನಾಲ್ಕಾಗಿ ಒಡೆಯುತ್ತಿತ್ತು. 2023ರಲ್ಲಿ ಬಂದ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯಬಾರದೆಂಬ ಹೊಸ ನಿಯಮ ಸೇರಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಒತ್ತಕ್ಷರದ ರಚನೆಯಲ್ಲಿ ತೆಲುಗಿಗೆ ಅತ್ಯಂತ ಸಮೀಪದ ಲಿಪಿಯಾದ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಅಂತರರಾಷ್ಟ್ರೀಯ ನಿಯಮ ಇದೆಯೆಂದ ಮಾತ್ರಕ್ಕೆ ಅದು ಕನ್ನಡಕ್ಕೆ ಹೊಂದುತ್ತದೆಂದು ಭಾವಿಸಬಾರದೆನ್ನುವುದಕ್ಕೆ ಇದೇ ನಿದರ್ಶನ.

ಯಾವ ನಿಯಮವೂ ಬಿಡಿಸಲಾಗದ ಪ್ರಶ್ನೆಗಳೂ ಉಳಿಯುತ್ತವೆ. ‘ಕಣ್’, ‘ಪೊನ್’ ಮೊದಲಾದ ವ್ಯಂಜನಾಂತ ಪದಗಳನ್ನು ಮೇಲಿನ ನಿಯಮ ಎರಡಾಗಿ ಒಡೆಯುತ್ತದೆ; ಛಂದಸ್ಸಿನಲ್ಲಿ ಅವು ಒಂದೇ ಗುರು. ಪದಾಂತ್ಯದ ಅರೆವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಸೇರಿಸುವ ಉಪನಿಯಮ ಬೇಕಾಗುತ್ತದೆ. ಆದರೆ ಮುಂದಿನ ಪದ ಸ್ವರಾದಿಯಾಗಿದ್ದು ಎರಡೂ ಕೂಡಿ ಉಚ್ಚಾರವಾಗುವಲ್ಲಿ ಆ ಉಪನಿಯಮವೂ ತಪ್ಪುತ್ತದೆ. ಒತ್ತಕ್ಷರದ ಹಿಂದಿನ ಲಘು ಗುರುವಾಗುತ್ತದೆಂಬುದು ಸಾಮಾನ್ಯ ನಿಯಮವಾದರೂ ಶಿಥಿಲದ್ವಿತ್ವದಲ್ಲಿ ಹಾಗಾಗುವುದಿಲ್ಲ. ಯಾವುದು ಶಿಥಿಲ ಎಂಬುದು ಸಂಕೇತಬಿಂದುಗಳಲ್ಲಿ ಬರೆದಿರುವುದಿಲ್ಲ. ಇಲ್ಲಿ ನಿರ್ಣಯ ಓದುವವನದೇ.

9. ಸಮಾರೋಪ

ಈವರೆಗಿನ ಪರೀಕ್ಷೆಯಿಂದ ಹೊರಡುವ ಮುಖ್ಯ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಎಸ್‌ಕ್ಯೂಲೈಟ್‌ನ ಸಬ್‌ಸ್ಟ್ರಿಂಗ್ ಫಂಕ್ಷನ್ ತನ್ನ ವಿವರಣೆಗೆ ಅನುಗುಣವಾಗಿ ದೋಷವಿಲ್ಲದೆ ಕೆಲಸ ಮಾಡುತ್ತದೆ. ಅದರ ಘಟಕ ಸಂಕೇತಬಿಂದುವೇ ಹೊರತು ಕನ್ನಡದ ವರ್ಣವೂ ಅಲ್ಲ, ಅಕ್ಷರವೂ ಅಲ್ಲ. ಪ್ರಾಸಸ್ಥಾನವನ್ನು ಗುರುತಿಸಲು ಅದನ್ನು ನೇರವಾಗಿ ಬಳಸಿದರೆ ಷಟ್‌ಪ್ರಾಸಗಳಲ್ಲಿ ಮೂರು ಎದ್ದುಕಾಣುವಂತೆ ತಪ್ಪುತ್ತವೆ, ಎರಡು ಕಾಣದಂತೆ ತಪ್ಪುತ್ತವೆ, ಒಂದು ಕೆಲವೊಮ್ಮೆ ಮಾತ್ರ ಸರಿಬರುತ್ತದೆ. ಕಾಣದಂತೆ ತಪ್ಪುವ ಎರಡೇ ಸಂಶೋಧನೆಗೆ ಹೆಚ್ಚು ಹಾನಿಕರ.

ಹೀಗಾಗಿ ಪ್ರಾಸ, ಅಂಕಿತ, ಪದಾದಿ ಪದಾಂತ್ಯಗಳ ಅಂಕಿ ಅಂಶಗಳನ್ನು ಪ್ರಬಂಧಗಳಲ್ಲಿ ಕೊಡುವವರು ಮೂರು ವಿವರಗಳನ್ನು ಜೊತೆಗೆ ಕೊಡುವುದು ಅಪೇಕ್ಷಣೀಯ: ಪಠ್ಯವನ್ನು ಏಕರೂಪಕ್ಕೆ ತಂದಿದೆಯೇ, ಎಣಿಸಿದ ಘಟಕ ಯಾವುದು, ಯಾವ ಪರೀಕ್ಷಾಪದಗಳಿಂದ ಸಾಧನವನ್ನು ಒರೆಗೆ ಹಚ್ಚಲಾಗಿದೆ. ಸ್ನಾತಕೋತ್ತರ ತರಗತಿಗಳಲ್ಲಿ ಛಂದಸ್ಸನ್ನು ಬೋಧಿಸುವಾಗ ಕವಿ, ಕಾಲ, ಕಂದ, ದುಃಖ, ಅಕ್ಷರ, ಅಕ್ಕರ ಎಂಬ ಆರು ಪದಗಳನ್ನು ಯಂತ್ರಕ್ಕೆ ಕೊಟ್ಟು ಎರಡನೆಯ ಅಕ್ಷರವನ್ನು ಕೇಳುವ ಒಂದು ಅಭ್ಯಾಸವನ್ನು ಸೇರಿಸಿಕೊಳ್ಳಬಹುದು. ಅರ್ಧ ಗಂಟೆಯ ಆ ಅಭ್ಯಾಸದಲ್ಲಿ ವಿದ್ಯಾರ್ಥಿ ಪ್ರಾಸದ ಬಗೆಗಳನ್ನೂ ಯೂನಿಕೋಡ್‌ನ ಸ್ವರೂಪವನ್ನೂ ಒಟ್ಟಿಗೆ ಕಲಿಯುತ್ತಾನೆ. ತಂತ್ರಜ್ಞರು ತಮ್ಮ ಭಾಷೆಯ ಅಕ್ಷರಗಳಿಂದ ಪರೀಕ್ಷೆಗಳನ್ನು ಬರೆದಿದ್ದಾರೆ. ಕನ್ನಡದ ಪರೀಕ್ಷೆಗಳನ್ನು ಬರೆಯಲು ಬೇಕಾದ ತಿಳಿವಳಿಕೆ ನಾಗವರ್ಮ ಕೇಶಿರಾಜರನ್ನು ಓದಿದವರಲ್ಲಿಯೇ ಇದೆ.